ಬೀಜದೊಳಗಿನ ನೂಲೇಣಿ ಮತ್ತು ಮೂರು ಬೀಗಗಳು

(ಬೀಜ ಕಾಯ್ದುಕೊಂಡು ಬಂದವರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಾಗರ ಸೀಮೆಯ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಬನವಾಸಿಯನ್ನು ಬಳಸಿ, ಹಾನಗಲ್ಲ ಹಾಗೂ ಸವಣೂರು ಸೀಮೆಗಳಿಗೆ ಇಳಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡು ಸರಿದು ಬಯಲುಸೀಮೆ ತೆರೆದುಕೊಳ್ಳುವ ಈ ಹಾದಿಯಲ್ಲಿ ಮಣ್ಣಿನ ಜೊತೆಗೆ ಬೀಜವೂ ಬದಲಾಗುತ್ತದೆ. ಹಾನಗಲ್ಲ ಮತ್ತು ಶಿಗ್ಗಾಂವಿಯ ಪಡುವಣ ಭಾಗಗಳಲ್ಲಿ ಕೂರಿಗೆಯಿಂದ ಬಿತ್ತುವ ಭತ್ತ, ಹಾನಗಲ್ಲದ ಮಾವು, ಸವಣೂರಿನ ವೀಳ್ಯದೆಲೆ, ಸವಣೂರು ಹಾಗೂ ಹಿರೇಕೆರೂರಿನ ಹೊಲಗಳ ಹತ್ತಿ, ಈಗ ಎಲ್ಲೆಡೆ ಹರಡಿರುವ ಗೋವಿನಜೋಳ, ಇವು ನಾಲ್ಕು ತಾಲ್ಲೂಕುಗಳ ಬದುಕನ್ನು ಹೊತ್ತು ನಿಂತಿವೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಇವೆಲ್ಲ ಹಳೆಯ ಧಾರವಾಡ ಜಿಲ್ಲೆಯ ಭಾಗಗಳೇ ಆಗಿದ್ದವು.

ಈ ಸೀಮೆಯಲ್ಲಿ ಹತ್ತಿ ಬಿಡಿಸಿ, ಅರಳೆಯಿಂದ ಕಾಳು ಬೇರ್ಪಡಿಸಿ, ಮರುವರ್ಷಕ್ಕೆ ಅದನ್ನೇ ಬಿತ್ತುತ್ತಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಇಂದು ಅದೇ ಹೊಲಕ್ಕೆ ಪ್ರತಿ ಮುಂಗಾರಿಗೂ ಅಂಗಡಿಯಿಂದ ಪೊಟ್ಟಣ ಬರಬೇಕು. ಏಕೆಂದು ಕೇಳಿದರೆ ದೊರೆಯುವ ಉತ್ತರ ಹೆಚ್ಚುಕಡಿಮೆ ಒಂದೇ: ಬೀಜದೊಳಗೆ ಏನನ್ನೋ ಸೇರಿಸಿ ಅದರ ಮೊಳಕೆಯನ್ನು ಕೊಂದಿದ್ದಾರೆ. ಚಳವಳಿಯ ವೇದಿಕೆಗಳಲ್ಲಿಯೂ ಈ ಮಾತು ಬಹುಕಾಲ ಕೇಳಿಬಂದಿದೆ. ಬೀಜದ ಸ್ವಾತಂತ್ರ್ಯಕ್ಕಾಗಿ ದುಡಿಯುವವರು ಈ ಉತ್ತರವನ್ನು ಪರೀಕ್ಷಿಸಿ ನೋಡುವುದು ಅಗತ್ಯ. ರೋಗ ಒಂದು ಕಡೆ ಇದ್ದು ಮದ್ದನ್ನು ಮತ್ತೊಂದು ಕಡೆ ಹಚ್ಚಿದರೆ ಗಾಯ ಮಾಯುವುದಿಲ್ಲ.

ಬೀಜಕ್ಕೆ ಮೂರು ಬಗೆಯ ಬೀಗಗಳನ್ನು ಹಾಕಲು ಸಾಧ್ಯ. ಒಂದು ಸಂಕರದ ಬೀಗ, ಇನ್ನೊಂದು ಡಿಎನ್‌ಎಯೊಳಗಿನ ಬೀಗ, ಮೂರನೆಯದು ಕಾನೂನಿನ ಬೀಗ. ಇವುಗಳಲ್ಲಿ ಹೆಚ್ಚು ಬೈಸಿಕೊಂಡ ಎರಡನೆಯದು ಈವರೆಗೆ ಯಾವ ರೈತನ ಹೊಲದ ಬೀಜಕ್ಕೂ ಬಿದ್ದಿಲ್ಲ. ಇದನ್ನು ಅರಿಯಲು ಡಿಎನ್‌ಎ ಎಂದರೇನು, ಅದನ್ನು ಕತ್ತರಿಸಿ ಕೂಡಿಸುವ ಕಿಣ್ವಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

ನೂಲೇಣಿ

ಹತ್ತಿಯ ಎಲೆಯಲ್ಲಿಯೂ ಭತ್ತದ ಬೇರಿನಲ್ಲಿಯೂ ಮನುಷ್ಯನ ಚರ್ಮದಲ್ಲಿಯೂ ಇರುವ ಜೀವಕೋಶಗಳೊಳಗೆ ಡಿಎನ್‌ಎ ಎಂಬ ಉದ್ದನೆಯ ಅಣುವಿದೆ. ಅದು ತಿರುಚಿದ ನೂಲೇಣಿಯಂತಿದೆ. ಏಣಿಯ ಎರಡು ಬದಿಯ ಹಗ್ಗಗಳು ಒಂದು ಬಗೆಯ ಸಕ್ಕರೆ ಮತ್ತು ಫಾಸ್ಫೇಟುಗಳ ಸರಪಳಿಗಳು. ಮೆಟ್ಟಿಲುಗಳು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳಿಂದ ಆದವು. ಬರವಣಿಗೆಯಲ್ಲಿ ಇವನ್ನು ಎ, ಟಿ, ಜಿ, ಸಿ ಎಂದು ಗುರುತಿಸುತ್ತಾರೆ. ಎ ಎದುರಿಗೆ ಟಿ ಮಾತ್ರ, ಜಿ ಎದುರಿಗೆ ಸಿ ಮಾತ್ರ ನಿಲ್ಲುತ್ತದೆ. ಎ ಮತ್ತು ಟಿ ನಡುವೆ ಎರಡು, ಜಿ ಮತ್ತು ಸಿ ನಡುವೆ ಮೂರು ದುರ್ಬಲವಾದ ಜಲಜನಕ ಬಂಧಗಳಿವೆ. ಅಡ್ಡಮೆಟ್ಟಿಲಿನ ಬಂಧ ಸಡಿಲ, ಬದಿಯ ಹಗ್ಗದ ಬಂಧ ಬಿಗಿ. ಆದ್ದರಿಂದ ಏಣಿಯನ್ನು ನಡುವೆ ಸೀಳುವುದು ಸುಲಭ, ಹಗ್ಗವನ್ನು ತುಂಡರಿಸುವುದು ಕಷ್ಟ.

ಒಂದು ಎಳೆ ತಿಳಿದರೆ ಇನ್ನೊಂದು ಎಳೆ ತಾನಾಗಿ ತಿಳಿಯುತ್ತದೆ. ಆನುವಂಶಿಕತೆಯ ಗುಟ್ಟು ಇಷ್ಟರಲ್ಲಿ ಅಡಗಿದೆ. ಕೋಶ ಎರಡಾಗುವಾಗ ಏಣಿ ಸೀಳುತ್ತದೆ, ಪ್ರತಿಯೊಂದು ಎಳೆಯ ಎದುರಿಗೂ ಹೊಸ ಜೋಡಿ ಎಳೆ ಕಟ್ಟಲ್ಪಡುತ್ತದೆ, ಒಂದು ಏಣಿಯಿದ್ದಲ್ಲಿ ಎರಡಾಗುತ್ತವೆ. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ 1952ರಲ್ಲಿ ತೆಗೆದ ಕ್ಷ-ಕಿರಣ ಚಿತ್ರದ ನೆರವಿನಿಂದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು 1953ರಲ್ಲಿ ಈ ರಚನೆಯನ್ನು ಲೋಕಕ್ಕೆ ತಿಳಿಸಿದರು.

ಇನ್ನೊಂದು ಸಂಗತಿಯೂ ಮುಖ್ಯ. ಏಣಿಯ ಎರಡು ಹಗ್ಗಗಳಿಗೆ ದಿಕ್ಕುಗಳಿವೆ, ಅವು ಪರಸ್ಪರ ಎದುರುಬದುರು. ಎತ್ತುಗಳು ಒಂದು ಸಾಲನ್ನು ಮೂಡಣಕ್ಕೆ ಹೂಡಿ, ತಿರುಗಿ, ಪಕ್ಕದ ಸಾಲನ್ನು ಪಡುವಣಕ್ಕೆ ಹೂಡುವಂತೆ ಒಂದು ಎಳೆಯನ್ನು ಈ ತುದಿಯಿಂದ, ಅದರ ಜೋಡಿಯನ್ನು ಆ ತುದಿಯಿಂದ ಓದಬೇಕು.

ಓದುವ ಕ್ರಮವೂ ಸರಳ. ಮೂರು ಮೂರು ಅಕ್ಷರಗಳ ಒಂದೊಂದು ಪದವು ಒಂದೊಂದು ಅಮೈನೊ ಆಮ್ಲವನ್ನು ಸೂಚಿಸುತ್ತದೆ. ಅಮೈನೊ ಆಮ್ಲಗಳು ಸಾಲಾಗಿ ಪೋಣಿಸಲ್ಪಟ್ಟರೆ ಪ್ರೋಟೀನು ಆಗುತ್ತದೆ. ಈ ಸಂಕೇತವನ್ನು ಬಿಡಿಸಿದ ಕಾರ್ಯಕ್ಕಾಗಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರು 1968ರಲ್ಲಿ ಇಬ್ಬರು ಸಹ ವಿಜ್ಞಾನಿಗಳೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಒಂದು ಪ್ರೋಟೀನಿನ ಬರಹವಿರುವ ಡಿಎನ್‌ಎ ಭಾಗಕ್ಕೆ ಜೀನ್ ಅಥವಾ ವಂಶವಾಹಿ ಎಂದು ಹೆಸರು. ಸಂಕೇತವು ಸೂಕ್ಷ್ಮಜೀವಿಯಿಂದ ಹತ್ತಿಯವರೆಗೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಒಂದು ಜೀವಿಯ ಜೀನನ್ನು ಇನ್ನೊಂದು ಜೀವಿ ಓದಬಲ್ಲದು.

ನಾಲ್ಕು ತಾಲ್ಲೂಕುಗಳ ರೈತರಿಗೆ ಇದರ ಪರಿಣಾಮಗಳು ಹೊಸವಲ್ಲ. ಸವಣೂರಿನ ವೀಳ್ಯದೆಲೆಯ ಬಳ್ಳಿಯನ್ನು ತುಂಡು ಮಾಡಿ ನೆಡುತ್ತಾರೆ. ಹೊಸ ಬಳ್ಳಿಯ ಡಿಎನ್‌ಎ ತಾಯಿಬಳ್ಳಿಯದೇ ಆಗಿರುವುದರಿಂದ ಎಲೆಯ ಗುಣ ಕೆಡುವುದಿಲ್ಲ. ಹಾನಗಲ್ಲದ ತೋಟಗಳಲ್ಲಿ ಮಾವನ್ನು ಕಸಿ ಮಾಡುತ್ತಾರೆ. ಅಲ್ಲಿ ಬುಡದ ಗಿಡ ಮತ್ತು ಕಸಿಕಡ್ಡಿ ಒಂದೇ ಮರವಾಗಿ ಬಾಳಿದರೂ ಇಬ್ಬರ ಡಿಎನ್‌ಎಗಳೂ ಬೆರೆಯುವುದಿಲ್ಲ. ಅದೇ ಮಾವಿನ ಗೊರಟೆಯಿಂದ ಹುಟ್ಟಿದ ಗಿಡ ಮಾತ್ರ ತಾಯಿಯಂತೆ ಇರಬೇಕೆಂದಿಲ್ಲ, ಏಕೆಂದರೆ ಅದರಲ್ಲಿ ಪರಾಗದ ಮೂಲಕ ಬಂದ ಮತ್ತೊಂದು ಪಾಲು ಡಿಎನ್‌ಎ ಸೇರಿದೆ.

ಕತ್ತರಿ, ಅಂಟು ಮತ್ತು ಮುದ್ರೆ

ಮೊಳಕೆ ಬಂದ ಕಾಳು ಸಿಹಿಯಾಗುವುದು ಅದರೊಳಗಿನ ಕಿಣ್ವವೊಂದು ಹಿಟ್ಟನ್ನು ಸಕ್ಕರೆಯ ತುಣುಕುಗಳಾಗಿ ಕತ್ತರಿಸುವುದರಿಂದ. ಕಿಣ್ವವೆಂದರೆ ನಿರ್ದಿಷ್ಟ ಕೆಲಸವನ್ನು ಮಾತ್ರ ಅತಿ ವೇಗವಾಗಿ ಮಾಡುವ ಪ್ರೋಟೀನು. ಡಿಎನ್‌ಎಯ ಮೇಲೆ ಕೆಲಸ ಮಾಡುವ ಕಿಣ್ವಗಳೂ ಅನೇಕ.

ಮೊದಲನೆಯದು ನಕಲುಗಾರ ಕಿಣ್ವ, ಪಾಲಿಮರೇಸ್. ಸೀಳಿದ ಎಳೆಯ ಮೇಲೆ ಸಾಗುತ್ತಾ ಎದುರು ಅಕ್ಷರಗಳನ್ನು ಜೋಡಿಸುವುದು ಇದರ ಕೆಲಸ. ಅದು ಒಂದೇ ದಿಕ್ಕಿನಲ್ಲಿ ಸಾಗುತ್ತದೆ, ತಪ್ಪು ಅಕ್ಷರ ಬಿದ್ದರೆ ಬಹುಪಾಲು ತಾನೇ ಹಿಂದೆ ಸರಿದು ತಿದ್ದುತ್ತದೆ. ಆರ್ಥರ್ ಕೋರ್ನ್‌ಬರ್ಗ್ ಅವರು 1956ರಲ್ಲಿ ಇದನ್ನು ಗುರುತಿಸಿದರು.

ಎರಡನೆಯದು ಕತ್ತರಿ. ಸೂಕ್ಷ್ಮಜೀವಿಗಳ ಮೇಲೆ ದಾಳಿಯಿಡುವ ವೈರಸ್ಸುಗಳು ತಮ್ಮ ಡಿಎನ್‌ಎಯನ್ನು ಅವುಗಳೊಳಗೆ ಚುಚ್ಚುತ್ತವೆ. ಹಾಗೆ ಒಳನುಗ್ಗಿದ ಎಳೆಯನ್ನು ಕತ್ತರಿಸಿ ಹಾಕುವ ಕಿಣ್ವಗಳನ್ನು ಸೂಕ್ಷ್ಮಜೀವಿಗಳು ಕೋಟ್ಯಂತರ ವರ್ಷಗಳಲ್ಲಿ ಬೆಳೆಸಿಕೊಂಡಿವೆ. ಒಂದೊಂದು ಕತ್ತರಿಯೂ ಒಂದೊಂದು ಪದವನ್ನು ಹುಡುಕಿ ಅಲ್ಲಿಯೇ ಕತ್ತರಿಸುತ್ತದೆ. ಇಕೋ-ಆರ್-ಒನ್ ಎಂಬ ಹೆಸರಾಂತ ಕತ್ತರಿ ಹುಡುಕುವ ಪದ ಜಿ-ಎ-ಎ-ಟಿ-ಟಿ-ಸಿ. ಶಿಗ್ಗಾಂವಿ ತಾಲ್ಲೂಕಿನ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳ. 'ಕನಕ' ಎಂಬ ಪದವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಕನಕವೇ. ಕತ್ತರಿಯ ಪದವೂ ಅದೇ ಜಾತಿಯದು, ಆದರೆ ಇಲ್ಲಿ ಓದು ಎರಡು ಎಳೆಗಳಲ್ಲಿ ನಡೆಯುತ್ತದೆ: ಒಂದು ಎಳೆಯನ್ನು ಅದರ ದಿಕ್ಕಿನಲ್ಲಿಯೂ ಜೋಡಿ ಎಳೆಯನ್ನು ಅದರ ಎದುರು ದಿಕ್ಕಿನಲ್ಲಿಯೂ ಓದಿದರೆ ಎರಡೂ ಕಡೆ ಜಿ-ಎ-ಎ-ಟಿ-ಟಿ-ಸಿ ಎಂದೇ ಬರುತ್ತದೆ. ಆದ್ದರಿಂದ ಕತ್ತರಿಯು ಎರಡು ಎಳೆಗಳನ್ನೂ ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಕಡಿತ ನೇರವಾಗಿ ಬೀಳದೆ ಮೆಟ್ಟಿಲುಮೆಟ್ಟಿಲಾಗಿ ಬೀಳುತ್ತದೆ, ನಾಲ್ಕು ಅಕ್ಷರಗಳ ಒಂಟಿ ಎಳೆ ತುದಿಯಲ್ಲಿ ಚಾಚಿಕೊಂಡಿರುತ್ತದೆ. ಬಡಗಿಯು ಎರಡು ತೊಲೆಗಳಿಗೆ ಕಚ್ಚು ಹಾಕಿ ಕೂಡಿಸುವಂತೆ, ಇದೇ ಕತ್ತರಿಯಿಂದ ಕತ್ತರಿಸಿದ ಯಾವ ಜೀವಿಯ ಡಿಎನ್‌ಎ ತುಣುಕಾದರೂ ಆ ಕಚ್ಚಿಗೆ ಕೂರುತ್ತದೆ. ಈ ಕತ್ತರಿಗಳ ಶೋಧಕ್ಕಾಗಿ ವರ್ನರ್ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್ ಮತ್ತು ಡೇನಿಯಲ್ ನೇಥನ್ಸ್ ಅವರಿಗೆ 1978ರ ನೊಬೆಲ್ ಪ್ರಶಸ್ತಿ ದೊರೆಯಿತು.

ಕತ್ತರಿಯನ್ನು ಒಳಗೇ ಇಟ್ಟುಕೊಂಡ ಸೂಕ್ಷ್ಮಜೀವಿಯ ಸ್ವಂತ ಡಿಎನ್‌ಎ ಉಳಿಯುವುದು ಹೇಗೆ? ಅದಕ್ಕೆ ಮೂರನೆಯ ಕಿಣ್ವವಿದೆ, ಮುದ್ರೆ ಒತ್ತುವ ಮೀಥೈಲೇಸ್. ಅದು ತನ್ನ ಡಿಎನ್‌ಎಯಲ್ಲಿ ಆ ಪದ ಬರುವ ಕಡೆಯಲ್ಲೆಲ್ಲ ಮೀಥೈಲ್ ಎಂಬ ಸಣ್ಣ ಗುಂಪನ್ನು ಅಂಟಿಸುತ್ತದೆ. ಮುದ್ರೆಯಿದ್ದ ಕಡೆ ಕತ್ತರಿ ಆಡುವುದಿಲ್ಲ. ಅಕ್ಷರ ಬದಲಾಗದೆಯೇ ಅರ್ಥ ಬದಲಾಗುವ ಇಂಥ ಮುದ್ರೆಗಳು ಗಿಡಗಳಲ್ಲಿಯೂ ಇವೆ, ಎಷ್ಟೋ ಜೀನ್‌ಗಳನ್ನು ಅವು ಮೌನವಾಗಿರಿಸುತ್ತವೆ.

ನಾಲ್ಕನೆಯದು ಅಂಟು, ಲೈಗೇಸ್. 1967ರಲ್ಲಿ ಕಂಡುಕೊಂಡ ಈ ಕಿಣ್ವವು ತುಂಡಾದ ಹಗ್ಗವನ್ನು ಮತ್ತೆ ಬೆಸೆಯುತ್ತದೆ. ಕೋಶಗಳಲ್ಲಿ ದಿನವೂ ಆಗುವ ಗಾಯಗಳನ್ನು ಮಾಯಿಸುವುದು ಇದರ ಸಹಜ ಕೆಲಸ.

ನಕಲುಗಾರ, ಕತ್ತರಿ, ಮುದ್ರೆ, ಅಂಟು. ಇವುಗಳಲ್ಲಿ ಯಾವುದನ್ನೂ ಯಾವ ಕಂಪನಿಯೂ ಸೃಷ್ಟಿಸಿಲ್ಲ. ಇವು ಮಣ್ಣಿನಲ್ಲಿ, ನೀರಿನಲ್ಲಿ, ಜೀವಿಗಳ ಒಡಲಿನಲ್ಲಿ ಮೊದಲಿನಿಂದಲೂ ಇದ್ದವು.

ಹತ್ತಿಯೊಳಗೆ ಬಂದದ್ದು

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನ ಒಂದು ಸೂಕ್ಷ್ಮಜೀವಿ. 1901ರಲ್ಲಿ ಜಪಾನಿನಲ್ಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ, 1911ರಲ್ಲಿ ಜರ್ಮನಿಯ ತುರಿಂಜಿಯಾದಲ್ಲಿ ಹಿಟ್ಟಿನ ಪತಂಗದಲ್ಲಿ ಅದನ್ನು ಗುರುತಿಸಲಾಯಿತು. ಅದು ಮಾಡುವ ಹರಳಿನಂಥ ಪ್ರೋಟೀನು ಕೆಲವು ಜಾತಿಯ ಹುಳುಗಳ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿ, ರಂಧ್ರ ಕೊರೆದು ಹುಳುವನ್ನು ಕೊಲ್ಲುತ್ತದೆ. ಆ ಪ್ರೋಟೀನಿನ ಬರಹವೇ ಕ್ರೈ-1-ಎಸಿ ಎಂಬ ಜೀನ್, ಉದ್ದ ಸುಮಾರು ಮೂರೂವರೆ ಸಾವಿರ ಅಕ್ಷರ. ಅಮೆರಿಕನ್ ಹತ್ತಿಯ ಇಡೀ ಬರಹವು 200 ಕೋಟಿ ಅಕ್ಷರಜೋಡಿಗಳಿಗೂ ಮಿಕ್ಕಿದ್ದು.

ಈ ಜೀನನ್ನು ಕತ್ತರಿ ಮತ್ತು ಅಂಟುಗಳಿಂದ ಹೊಂದಿಸಿ, ಹತ್ತಿಯೊಳಗೆ ಸಾಗಿಸಲು ಮತ್ತೊಂದು ಸೂಕ್ಷ್ಮಜೀವಿಯನ್ನು ಬಳಸಿದರು. ಗಿಡಗಳ ಬುಡದಲ್ಲಿ ಗಂಟು ಕಟ್ಟಿಸುವ ಆಗ್ರೊಬ್ಯಾಕ್ಟೀರಿಯಮ್ ತನ್ನ ಡಿಎನ್‌ಎಯ ಒಂದು ತುಣುಕನ್ನು ತನ್ನದೇ ಕಿಣ್ವಗಳಿಂದ ಕತ್ತರಿಸಿ ಗಿಡದ ಡಿಎನ್‌ಎಗೆ ಸೇರಿಸುವ ವಿದ್ಯೆಯನ್ನು ಬಲ್ಲದು. ಮನುಷ್ಯನು ಬಿತ್ತಿ ಬೆಳೆಯುವ ಸಿಹಿಗೆಣಸಿನಲ್ಲಿ ಇಂಥ ತುಣುಕುಗಳು ಪ್ರಾಚೀನ ಕಾಲದಿಂದ ಇವೆಯೆಂದು 2015ರಲ್ಲಿ ತಿಳಿದುಬಂದಿತು. ಜೀನ್ ಸಾಗಾಟ ನಿಸರ್ಗದಲ್ಲಿ ನಡೆಯುವುದೇ ಇಲ್ಲವೆಂಬ ವಾದ ಆದಕಾರಣ ನಿಲ್ಲದು. ಹೊರಗಿನದು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದಾದರೆ ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿಯನ್ನೂ ಗೋವಿನಜೋಳವನ್ನೂ ಬಿಡಬೇಕಾಗುತ್ತದೆ, ಆಫ್ರಿಕ ಮೂಲದ ಸವಣೂರಿನ ದೊಡ್ಡಹುಣಸೆ ಮರಗಳಿಗೆ ಗೌರವ ಸಲ್ಲಿಸುವುದನ್ನೂ ನಿಲ್ಲಿಸಬೇಕಾಗುತ್ತದೆ. ಆದರೆ ನಿಸರ್ಗದಲ್ಲಿ ಅಪರೂಪಕ್ಕೆ, ಯುಗಗಳ ಅಂತರದಲ್ಲಿ ನಡೆದದ್ದು ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳನ್ನೆಲ್ಲ ಆವರಿಸುವಾಗ ಅದರ ಪರಿಣಾಮ ಬೇರೆಯೇ ಆಗುತ್ತದೆ. ಪರಿಶೀಲನೆಯ ಹೊಣೆಯೂ ಆಗ ಹೆಚ್ಚುತ್ತದೆ.

2002ರ ಮಾರ್ಚ್ 26ರಂದು ಕೇಂದ್ರದ ಅನುಮೋದನಾ ಸಮಿತಿಯು ಮೂರು ಬಿಟಿ ಹತ್ತಿ ಸಂಕರ ತಳಿಗಳಿಗೆ ಒಪ್ಪಿಗೆ ನೀಡಿತು. 2006ರಲ್ಲಿ ಎರಡು ಜೀನ್‌ಗಳ ಬೋಲ್‌ಗಾರ್ಡ್-2 ಬಂದಿತು. ಹಸಿರು ಕಾಯಿಕೊರಕದ ಹಾವಳಿ ಇಳಿದದ್ದು ನಿಜ. ಆದರೆ ಗುಲಾಬಿ ಕಾಯಿಕೊರಕವು ಮೊದಲ ಜೀನಿನ ವಿಷಕ್ಕೆ ಒಗ್ಗಿಕೊಂಡಿರುವುದು ಗುಜರಾತಿನಲ್ಲಿ 2010ರಲ್ಲಿ ಅಧಿಕೃತವಾಗಿ ಬಯಲಾಯಿತು. ಮುಂದಿನ ವರ್ಷಗಳಲ್ಲಿ ಎರಡು ಜೀನ್‌ಗಳ ಹತ್ತಿಯೂ ಅದಕ್ಕೆ ಸೋತಿತು. ವಿಷ ಅಂಟುವ ಗ್ರಾಹಕದ ಜೀನಿನಲ್ಲಿ ಅಕ್ಷರಗಳು ಬದಲಾದ ಹುಳುಗಳು ಬದುಕಿ ಸಂತಾನ ಬೆಳೆಸಿದ್ದವು. ಪ್ರಯೋಗಾಲಯದ ಕತ್ತರಿಯ ಹಂಗಿಲ್ಲದೆ ಹುಳುವಿನ ಡಿಎನ್‌ಎಯೂ ತನ್ನ ಪಾಠವನ್ನು ತಿದ್ದಿಕೊಂಡಿತು.

ಮೊದಲನೆಯ ಬೀಗ: ಸಂಕರ

ಧಾರವಾಡದಲ್ಲಿ ಬಿ.ಎಚ್. ಕಟಾರಕಿ ಅವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮೀ ಹತ್ತಿಯು ಎರಡು ಬೇರೆ ಪ್ರಭೇದಗಳ ನಡುವಿನ ವಾಣಿಜ್ಯ ಸಂಕರ ಹತ್ತಿಗಳಲ್ಲಿ ಲೋಕದಲ್ಲಿಯೇ ಮೊದಲನೆಯದು. ಬಿಟಿ ಹತ್ತಿ ಬರುವುದಕ್ಕೆ 30 ವರ್ಷ ಮೊದಲೇ, ಡಿಎನ್‌ಎಯನ್ನು ಯಾರೂ ಕತ್ತರಿಸದೆಯೇ, ಈ ಸೀಮೆಯ ಹತ್ತಿ ಬೆಳೆಗಾರರು ಪ್ರತಿವರ್ಷ ಬೀಜ ಕೊಳ್ಳಲು ಆರಂಭಿಸಿದ್ದು ಸಂಕರ ತಳಿಗಳಿಂದ.

ಸಂಕರದ ಗಿಡದಲ್ಲಿ ತಂದೆಯ ಒಂದು, ತಾಯಿಯ ಒಂದು ವರ್ಣತಂತುಗಳ ಜೋಡಿಗಳಿರುತ್ತವೆ. ಆ ಗಿಡದ ಬೀಜದಲ್ಲಿ ಈ ಜೋಡಿಗಳು ಬಿಚ್ಚಿ ಬೇರೆ ಬೇರೆ ರೀತಿಯಲ್ಲಿ ಕೂಡುತ್ತವೆ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಆದರೆ ಗಿಡಗಳು ಒಂದೇ ಸಮನಾಗಿರುವುದಿಲ್ಲ. ಭಾರತದ ಬಿಟಿ ಸಂಕರಗಳಲ್ಲಿ ಜೀನ್ ಸಾಮಾನ್ಯವಾಗಿ ಒಬ್ಬ ಪಾಲಕನಿಂದ ಮಾತ್ರ ಬಂದಿರುವುದರಿಂದ, ಒಂದು ಜೀನನ್ನು ಲೆಕ್ಕ ಹಿಡಿದರೆ, ಉಳಿಸಿಟ್ಟ ಬೀಜದ ಪ್ರತಿ ನಾಲ್ಕು ಗಿಡಗಳಲ್ಲಿ ಸರಾಸರಿ ಒಂದರಲ್ಲಿ ಅದು ಇರುವುದೇ ಇಲ್ಲ. ಸಂಕರ ಗಿಡದ ಒಂದೇ ಕಾಯಿಯೊಳಗಿನ ಬೀಜಗಳಲ್ಲಿಯೂ ಕೆಲವು ವಿಷವುಳ್ಳವು, ಕೆಲವು ಇಲ್ಲದವು. ಬೀಜವನ್ನೇ ತಿನ್ನುವ ಗುಲಾಬಿ ಕಾಯಿಕೊರಕಕ್ಕೆ ಇದು ಒಗ್ಗಿಕೊಳ್ಳುವ ಪಾಠಶಾಲೆಯಾಯಿತೆಂದು ಹತ್ತಿಯ ಕೀಟತಜ್ಞರು ವಾದಿಸಿದ್ದಾರೆ. ಲೋಕದ ಇತರ ಬಹುತೇಕ ದೇಶಗಳು ಬಿಟಿ ಜೀನನ್ನು ಸಂಕರವಲ್ಲದ ತಳಿಗಳಲ್ಲಿ ಬಳಸಿದವು, ಭಾರತದ ಮಾರುಕಟ್ಟೆ ಸಂಕರಗಳಿಗೆ ಕಟ್ಟುಬಿದ್ದಿತು.

ಎರಡನೆಯ ಬೀಗ: ಡಿಎನ್‌ಎಯೊಳಗೆ

1998ರ ಮಾರ್ಚಿನಲ್ಲಿ ಅಮೆರಿಕದ ಹತ್ತಿಬೀಜದ ಕಂಪನಿಯೊಂದಕ್ಕೂ ಅಲ್ಲಿನ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ದೊರೆಯಿತು. ವಿರೋಧಿಗಳು ಅದಕ್ಕೆ ಟರ್ಮಿನೇಟರ್ ಎಂದು ಹೆಸರಿಟ್ಟರು. ಅದರ ತಂತ್ರದಲ್ಲಿಯೂ ಡಿಎನ್‌ಎ ಕತ್ತರಿಸುವ ಕಿಣ್ವವೇ ಕೇಂದ್ರ. ಬೀಜ ಬಲಿಯುವ ಹೊತ್ತಿಗೆ ಭ್ರೂಣವನ್ನು ಕೊಲ್ಲುವ ವಿಷದ ಜೀನನ್ನು ಗಿಡಕ್ಕೆ ಸೇರಿಸಿ, ಅದು ಓದಲ್ಪಡದಂತೆ ನಡುವೆ ಒಂದು ಅಡ್ಡತುಣುಕನ್ನು ಇಡುವುದು. ಮಾರುವ ಮುನ್ನ ಬೀಜವನ್ನು ಟೆಟ್ರಾಸೈಕ್ಲಿನ್ ದ್ರಾವಣದಲ್ಲಿ ನೆನೆಸಿದರೆ ಕ್ರೀ ಎಂಬ ಕಿಣ್ವ ಹುಟ್ಟಿ ಆ ತುಣುಕನ್ನು ಕತ್ತರಿಸಿ ತೆಗೆದು ಎಳೆಯನ್ನು ಬೆಸೆಯುವುದು. ರೈತ ಬಿತ್ತಿದ ಬೀಜ ಬೆಳೆಯುತ್ತದೆ, ಅದು ಕೊಡುವ ಬೀಜ ಮಾತ್ರ ಮೊಳೆಯುವುದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಯೋಗಕ್ಕಿಟ್ಟಿದ್ದ ಹತ್ತಿಯನ್ನು ಕಿತ್ತು ಸುಟ್ಟಿತು. ಆ ಹೊಲಗಳಲ್ಲಿದ್ದದ್ದು ಬಿಟಿ ಹತ್ತಿ. ಬೆಳೆದ ರೈತರಿಗೇ ಅದರ ವಿವರ ತಿಳಿದಿರಲಿಲ್ಲವೆಂಬ ದೂರು ಗಂಭೀರವಾದದ್ದು. ಆದರೆ ಜನರ ಬಾಯಲ್ಲಿ ಎರಡು ಪ್ರತ್ಯೇಕ ಸಂಗತಿಗಳು ಬೆರೆತುಹೋದವು, ಬಿಟಿ ಎಂದರೆ ಮೊಳಕೆ ಸತ್ತ ಬೀಜವೆಂಬ ನಂಬಿಕೆ ಅಂದಿನಿಂದ ಉಳಿಯಿತು. ವಸ್ತುತಃ ಟರ್ಮಿನೇಟರ್ ತಂತ್ರವು ಪೇಟೆಂಟಿನಿಂದ ಮಾರುಕಟ್ಟೆಗೆ ಇಳಿಯಲೇ ಇಲ್ಲ. ಅದನ್ನು ತಡೆದದ್ದು ಲೋಕದಾದ್ಯಂತ ಎದ್ದ ಪ್ರತಿಭಟನೆ. 2000ದಲ್ಲಿ ಜೀವವೈವಿಧ್ಯ ಒಡಂಬಡಿಕೆಯ ದೇಶಗಳು ಅಂಥ ಬೀಜಗಳ ಪ್ರಯೋಗಕ್ಕೆ ತಡೆ ಶಿಫಾರಸು ಮಾಡಿದವು. ಭಾರತದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಅಂಥ ತಂತ್ರವುಳ್ಳ ತಳಿಗಳ ನೋಂದಣಿಯನ್ನು ನಿಷೇಧಿಸಿತು. ಚಳವಳಿ ಗೆದ್ದ ಈ ಬೀಗವನ್ನು ಇನ್ನೂ ಇದೆಯೆಂದು ದೂರುವುದು ಆ ಗೆಲುವಿಗೇ ಮಾಡುವ ಅನ್ಯಾಯ.

ಮೂರನೆಯ ಬೀಗ: ಕಾನೂನು

2002ರಲ್ಲಿ 450 ಗ್ರಾಂ ಬಿಟಿ ಬೀಜದ ಪೊಟ್ಟಣಕ್ಕೆ ಸುಮಾರು 1,600 ರೂಪಾಯಿ ಬೆಲೆಯಿತ್ತು, ಅದರ ದೊಡ್ಡ ಪಾಲು ಜೀನಿನ ಒಡೆತನಕ್ಕೆ ತೆರುವ ಶುಲ್ಕವಾಗಿತ್ತು. ಸರ್ಕಾರದ 2015ರ ಬೆಲೆ ನಿಯಂತ್ರಣ ಆದೇಶದ ನಂತರ, 2016ರಲ್ಲಿ, ಬೋಲ್‌ಗಾರ್ಡ್-2 ಪೊಟ್ಟಣಕ್ಕೆ 800 ರೂಪಾಯಿಯ ಮಿತಿ ಬಿದ್ದಿತು. ಒಳಗಿನ ಡಿಎನ್‌ಎ ಒಂದಕ್ಷರವೂ ಬದಲಾಗದೆ ಬೆಲೆ ಇಳಿಯಿತು.

ಭಾರತದ ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಗಿಡಗಳಿಗೂ ಬೀಜಗಳಿಗೂ ಪೇಟೆಂಟ್ ನಿರಾಕರಿಸುತ್ತದೆ. ಮೊದಲ ಬಿಟಿ ಜೀನಿಗೆ ಇಲ್ಲಿ ಪೇಟೆಂಟ್ ಇರಲಿಲ್ಲ. ಎರಡನೆಯ ಪೀಳಿಗೆಯದಕ್ಕೆ 2008ರಲ್ಲಿ ದೊರೆಯಿತು. 2018ರ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುವೆಂದಿತು, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಬದಿಗಿರಿಸಿ ಪೂರ್ಣ ವಿಚಾರಣೆಗೆ ಹಿಂದಿರುಗಿಸಿತು. ಇತ್ತ 2001ರ ಕಾಯ್ದೆಯ 39ನೆಯ ಕಲಮು ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸುವ, ಮರಳಿ ಬಿತ್ತುವ, ಹಂಚುವ ಮತ್ತು ಮಾರುವ ಹಕ್ಕನ್ನು ನೀಡಿದೆ. ಸಂರಕ್ಷಿತ ತಳಿಯನ್ನು ಬ್ರಾಂಡಿನ ಹೆಸರಿನಲ್ಲಿ ಮಾರಬಾರದು ಎಂಬುದೊಂದೇ ಮಿತಿ. ಹಕ್ಕು ಕಾಗದದಲ್ಲಿದೆ. ಆದರೆ ಅದನ್ನು ಚಲಾಯಿಸಲು ಮರಳಿ ಬಿತ್ತಬಲ್ಲ ತಳಿ ಹೊಲದಲ್ಲಿರಬೇಕು.

ಬಿಕನೇರಿ ನರ್ಮಾದ ಪಾಠ

ಅಂಥ ತಳಿಯನ್ನು ಸಾರ್ವಜನಿಕ ಸಂಸ್ಥೆಗಳು ಕೊಡಲು ಯತ್ನಿಸಿದವು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ರೂಪಿಸಿದ ಬಿಕನೇರಿ ನರ್ಮಾ ಬಿಟಿ ಹತ್ತಿಗೆ 2008ರಲ್ಲಿ ಒಪ್ಪಿಗೆ ದೊರೆಯಿತು, 2009ರಲ್ಲಿ ರೈತರ ಹೊಲಗಳಿಗೆ ಬಂದಿತು. ಅದು ಸಂಕರವಲ್ಲ. ಬೀಜ ಉಳಿಸಿ ಮರಳಿ ಬಿತ್ತಬಹುದಾಗಿತ್ತು, ಮೊದಲನೆಯ ಬೀಗವೂ ಮೂರನೆಯ ಬೀಗವೂ ಒಟ್ಟಿಗೆ ಕಳಚುವ ಭರವಸೆಯಿತ್ತು.

ಆ ಭರವಸೆಯನ್ನು ಮುರಿದದ್ದು ಡಿಎನ್‌ಎ ಪರೀಕ್ಷೆ. ಹೊರಗಿನ ಜೀನ್ ಗಿಡದ ಡಿಎನ್‌ಎಯಲ್ಲಿ ಎಲ್ಲಿ ಸೇರಿತೆಂಬುದು ಪ್ರತಿ ಸಲವೂ ಬೇರೆ. ಸೇರಿದ ತುಣುಕಿನ ಅಂಚು ಮತ್ತು ಗಿಡದ ಸ್ವಂತ ಡಿಎನ್‌ಎ ಕೂಡುವ ಗಡಿಯಲ್ಲಿನ ಅಕ್ಷರಗಳ ಸಾಲು ಅದಕ್ಕೇ ಮೀಸಲಾದ ಹೆಬ್ಬೆಟ್ಟಿನ ಗುರುತು. ಆ ಗಡಿಯನ್ನು ಮಾತ್ರ ಆರಿಸಿ ನಕಲುಗಾರ ಕಿಣ್ವದಿಂದ ಕೋಟ್ಯಂತರ ಪಟ್ಟು ಹೆಚ್ಚಿಸಿ ನೋಡುವ ವಿಧಾನವೇ ಪಿಸಿಆರ್. ಕೆರಿ ಮುಲ್ಲಿಸ್ 1983ರಲ್ಲಿ ಕಂಡುಕೊಂಡ ಈ ವಿಧಾನಕ್ಕೆ ಬಿಸಿನೀರಿನ ಬುಗ್ಗೆಯ ಸೂಕ್ಷ್ಮಜೀವಿಯೊಂದರ, ಕುದಿಯ ಸಮೀಪದ ಶಾಖವನ್ನೂ ತಾಳುವ ಕಿಣ್ವ ನೆರವಾಯಿತು. ಬಿಕನೇರಿ ನರ್ಮಾ ಬಿಟಿಯ ಬೀಜವನ್ನು ಹೀಗೆ ಪರೀಕ್ಷಿಸಿದಾಗ ಅದರಲ್ಲಿ ಮಾನ್ಸಾಂಟೊ ಕಂಪನಿಯ ಮಾನ್-531 ಎಂಬ ಸೇರ್ಪಡೆಯ ಗುರುತು ಕಾಣಿಸಿತು. ಬೀಜದ ಮಾರಾಟ ನಿಂತಿತು. ಪ್ರೊ. ಸುಧೀರ್ ಸೋಪೋರಿ ಅವರ ಅಧ್ಯಕ್ಷತೆಯ ಸಮಿತಿಯು 2012ರಲ್ಲಿ ಆ ಗುರುತಿನ ಇರವನ್ನು ದೃಢಪಡಿಸಿತು. ದೇಶದ್ದೇ ಎಂದು ಘೋಷಿಸಿದ ಮೊದಲ ಸಾರ್ವಜನಿಕ ಬಿಟಿ ಹತ್ತಿಯ ಕಥೆ ಅಲ್ಲಿಗೆ ಮುಗಿಯಿತು.

ಈ ಪ್ರಕರಣದಿಂದ ಎರಡು ಮಾತು ಸ್ಪಷ್ಟ. ಅಕ್ಷರಗಳನ್ನು ಓದಬಲ್ಲವರಿಂದಲೇ ಸತ್ಯ ಹೊರಬಂದಿತು. ಓದುವ ಸಾಮರ್ಥ್ಯ ಬಿಡುಗಡೆಗೆ ಮುನ್ನ, ಸಾರ್ವಜನಿಕರ ಕಣ್ಣೆದುರಿನಲ್ಲಿ ಬಳಕೆಯಾಗಿದ್ದರೆ ರೈತರು ಬಿತ್ತುವ ಮೊದಲೇ ದೋಷ ತಿಳಿಯುತ್ತಿತ್ತು. ಅದೇ ಜ್ಞಾನ ನೆಮ್ಮದಿಯನ್ನೂ ಕೊಡಬಲ್ಲದು. ಅಮೆರಿಕನ್ ಹತ್ತಿಯಲ್ಲಿ 52 ವರ್ಣತಂತುಗಳು, ಜಯಧರದಂಥ ದೇಸಿ ಹತ್ತಿಯಲ್ಲಿ 26. ಇವೆರಡೂ ಕೂಡಿದರೆ ಫಲವಂತ ಸಂತಾನ ಸುಲಭಕ್ಕೆ ಹುಟ್ಟದು. ಪಕ್ಕದ ಹೊಲದ ಬಿಟಿ ಹತ್ತಿಯ ಪರಾಗ ಹಾರಿಬಂದು ಜಯಧರವನ್ನು ಕೆಡಿಸುತ್ತದೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಹಳೆಯ ಲಕ್ಷ್ಮೀಯಂಥ ಅಮೆರಿಕನ್ ಜಾತಿಯ ತಳಿಗಳನ್ನು ಕಾಯುವವರು ಮಾತ್ರ ಅಂತರ ಬಿಟ್ಟು ಬೆಳೆಯಬೇಕು.

ಗುರುತು ಉಳಿಸದ ಕತ್ತರಿ

ಈಗ ಹೊಸ ಕತ್ತರಿ ಬಂದಿದೆ. 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನ ಅವರು ತೋರಿಸಿಕೊಟ್ಟ, 2020ರ ನೊಬೆಲ್ ಪಡೆದ ಕ್ರಿಸ್ಪರ್ ತಂತ್ರದ ಮೂಲವೂ ವೈರಸ್ಸುಗಳ ವಿರುದ್ಧ ಸೂಕ್ಷ್ಮಜೀವಿಗಳು ಹೂಡಿದ ರಕ್ಷಣೆಯೇ. ಹಳೆಯ ಕತ್ತರಿ ಆರು ಅಕ್ಷರಗಳ ಪದ ಕಂಡಲ್ಲೆಲ್ಲ ಕತ್ತರಿಸುತ್ತಿತ್ತು. ಹೊಸದಕ್ಕೆ ಸುಮಾರು 20 ಅಕ್ಷರಗಳ ವಿಳಾಸವನ್ನು ಬರೆದುಕೊಟ್ಟರೆ ಅಲ್ಲಿಗೇ ಹೋಗಿ ಕತ್ತರಿಸುತ್ತದೆ. ಗಿಡದ ಸ್ವಂತ ಅಂಟು ಗಾಯವನ್ನು ಬೆಸೆಯುವಾಗ ಒಂದೆರಡು ಅಕ್ಷರ ಕಳೆದು ಜೀನ್ ಮೌನವಾಗುತ್ತದೆ. ಕತ್ತರಿಯ ಜೀನನ್ನು ಮುಂದಿನ ಪೀಳಿಗೆಯಲ್ಲಿ ಬೇರ್ಪಡಿಸಿದರೆ ಹೊರಗಿನ ಡಿಎನ್‌ಎ ಉಳಿಯುವುದಿಲ್ಲ. ಬಿಕನೇರಿ ನರ್ಮಾದಲ್ಲಿ ಸಿಕ್ಕಿದಂಥ ಗಡಿಯ ಗುರುತು ಇಲ್ಲಿ ಸಿಗದು. ಯಾವ ಅಕ್ಷರ ಬದಲಾಗಿದೆಯೆಂದು ತಯಾರಕರೇ ಹೇಳದಿದ್ದರೆ ಹುಡುಕುವುದು ದುಸ್ತರ.

2022ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಹೊರಗಿನ ಡಿಎನ್‌ಎ ಉಳಿಯದ ಇಂಥ ಗಿಡಗಳನ್ನು 1989ರ ಕುಲಾಂತರಿ ನಿಯಮಗಳ ಮುಖ್ಯ ಅಂಶಗಳಿಂದ ಹೊರಗಿಟ್ಟಿತು. 2025ರ ಮೇ 4ರಂದು ಹೀಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು: ಸಾಂಬಾ ಮಸೂರಿಯಿಂದ ಬಂದ ಡಿಆರ್‌ಆರ್ ಧಾನ್ 100, ಎಂಟಿಯು 1010ರಿಂದ ಬಂದ ಪೂಸಾ ಡಿಎಸ್‌ಟಿ ರೈಸ್ 1. ಇವು ಸಾರ್ವಜನಿಕ ಸಂಸ್ಥೆಗಳ ತಳಿಗಳು, ಸಂಕರಗಳಲ್ಲ. ಮೊದಲನೆಯ ಬೀಗ ಇವುಗಳಲ್ಲಿಲ್ಲ. ಆದರೆ ಕತ್ತರಿಯ ಪೇಟೆಂಟುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಮೂರನೆಯ ಬೀಗದ ಪ್ರಶ್ನೆ ಇನ್ನು ಹತ್ತಿಯ ಎರೆಹೊಲಗಳಿಗಷ್ಟೇ ಸೀಮಿತವಾಗದೆ ಹಾನಗಲ್ಲದ ಕೂರಿಗೆ ಭತ್ತದ ಗದ್ದೆಗಳವರೆಗೂ ಬರಲಿದೆ.

ಆದ್ದರಿಂದ ಹೊಸ ಬೀಜ ಊರಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇದರ ಡಿಎನ್‌ಎಯಲ್ಲಿ ಏನು ಬದಲಾಗಿದೆ, ಆ ವಿವರ ಸಾರ್ವಜನಿಕವಾಗಿ ದಾಖಲಾಗಿದೆಯೇ? ಇದು ಸಂಕರವೇ, ಉಳಿಸಿ ಬಿತ್ತಿದರೆ ತಾಯಿಯ ಗುಣ ಉಳಿಯುತ್ತದೆಯೇ? ಇದರ ಮೇಲೆ ಯಾರ ಒಡೆತನದ ಹಕ್ಕಿದೆ, ಅದು ಯಾವ ವರ್ಷಕ್ಕೆ ಮುಗಿಯುತ್ತದೆ? ಈ ಮೂರನ್ನೂ ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಗಳು, ಸಹಕಾರ ಸಂಘಗಳು, ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಮುಂದಿಡಬಹುದು. ಊರಿನ ತಳಿಗಳನ್ನು ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಹೆಸರು ಹಾಗೂ ಗುಣಸಹಿತ ಬರೆದಿಡುವ ಕೆಲಸವನ್ನಂತೂ ಮುಂದಿನ ಮುಂಗಾರಿಗೆ ಮೊದಲೇ ಕೈಗೊಳ್ಳಬಹುದು. ಸಂಕರದ ಬೀಗವನ್ನು ತೆರೆಯುವುದು ತಳಿ ಕಾಯುವವರ ಕೈಯಲ್ಲಿದೆ. ಕಾನೂನಿನ ಬೀಗವನ್ನು ಹಾಕಿದವರು ಮನುಷ್ಯರು, ತೆಗೆಯಬಲ್ಲವರೂ ಅವರೇ.